ಅಪ್‌ಡೇಟ್: ಕಪ್ಪತಗುಡ್ಡ ಹತ್ತಿದೆವು, ಹೊಲದಲ್ಲೂ ದುಡಿದೆವು

ಗದಗ ಕಡೆ ಗುಡ್ಡ ಹತ್ತಿ, ಊಟ-ವಸತಿ ಕೊಟ್ಟರೆ ಸಾವಯವ ಹೊಲದಲ್ಲಿ ದುಡಿಯುವ ಆಸೆ, ಗಂಡ-ಹೆಂಡತಿ ಇಬ್ಬರಿಗೂ ಆಗುತ್ತಾ ಅಂತ ಕೇಳಿದ್ದೆ. ಆಯಿತು! ದಾರಿ ತೋರಿಸಿದ ಎಲ್ಲರಿಗೂ ಶರಣು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ. ಮಳೆ ಮುಗಿದ ಮೇಲೆ ಹೋದರೆ ಚೆಂದ, ಮೇಲೆ ಗಾಳಿ ಮಾತ್ರ ಜಾಸ್ತಿ.

ನಮ್ಮ ಮನಸ್ಸು ನಿಂತಿದ್ದು ಮುಂಡರಗಿ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ. ಬೆಳಗ್ಗೆ ಹಿಂಗಾರಿ ಜೋಳದಲ್ಲಿ ಕಳೆ ತೆಗೆಯುವುದು, ಆಮೇಲೆ ರೊಟ್ಟಿ ಊಟ. ಹೊಲದ ಯಜಮಾನರು ಬೆಳೆಗೆ ಹಾಕುವ ದ್ರವ ಗೊಬ್ಬರ ಜೀವಾಮೃತ ಮಾಡುವುದನ್ನೂ ಕಲಿಸಿದರು: 200 ಲೀಟರ್ ನೀರಿಗೆ 10 ಕೆಜಿ ಜವಾರಿ ಆಕಳ ಸಗಣಿ, 10 ಲೀಟರ್ ಗೋಮೂತ್ರ, ಬೆಲ್ಲ, ಕಡಲೆ ಹಿಟ್ಟು ತಲಾ 2 ಕೆಜಿ, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಾ ತಿರುವಬೇಕು.

ಜೋಳದ ರಾಶಿಗೆ ಮತ್ತೆ ಬನ್ನಿ ಅಂದಿದ್ದಾರೆ. ಖಂಡಿತ ಹೋಗುತ್ತೇವೆ.