ತಂಗಿಗೆ ಕೆ-ಪಾಪ್ ಐಡಲ್ (ಕೊರಿಯಾದ ಪಾಪ್ ಹಾಡು-ಕುಣಿತದ ತಾರೆ) ಆಗಬೇಕಂತೆ, ಅನುಭವ ಇರುವವರು ದಯವಿಟ್ಟು ಹೇಳಿ

ನಮ್ಮದು ದಾವಣಗೆರೆ. ತಂಗಿಗೆ 15 ವರ್ಷ. ಆರು ವರ್ಷ ಭರತನಾಟ್ಯ ಕಲಿತಳು, ಈಗ ಶಾಲೆಯಿಂದ ಬಂದ ತಕ್ಷಣ ಕನ್ನಡಿ ಮುಂದೆ ಕೆ-ಪಾಪ್ ಸ್ಟೆಪ್ಪು. ಕೊರಿಯಾಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಅಪ್ಪ ಬೈಯುತ್ತಾರೆ. ನಮ್ಮಂಥವರಿಗೆ ಇದು ಆಗುವ ಮಾತಾ? ಅಕ್ಕನಾಗಿ ನಾನೇನು ಮಾಡಲಿ?

ಬೆಂಗಳೂರಿನ ಡ್ಯಾನ್ಸ್ ಕವರ್ ತಂಡದವಳು

ಆಗುತ್ತದೆ ಅಕ್ಕ, ಆದರೆ ತುಂಬಾ ಕಷ್ಟ. ಒಡಿಶಾದ ಶ್ರೀಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ಎಂಬ ಕೆ-ಪಾಪ್ ಗುಂಪಿಗೆ ಸೇರಿದರು. ಅವರು ಒಡಿಸ್ಸಿ ಕಲಿತವರು. ಅದಕ್ಕೇ ಹೇಳುತ್ತೇನೆ, ಭರತನಾಟ್ಯ ಬಿಡಿಸಬೇಡಿ, ಆ ತಾಳಜ್ಞಾನ, ಅರೆಮಂಡಿ ಕೂತು ಬಂದ ಕಾಲಿನ ಬಲ ಎಲ್ಲಾ ಇಲ್ಲೂ ಬೇಕು. ಎಷ್ಟು ವರ್ಷ ಹಿಡಿಯುತ್ತದೆ ಅನ್ನುವುದು ಮಾತ್ರ ಮನೆಯವರಿಗೆ ಮೊದಲೇ ಗೊತ್ತಿರಲಿ. ಬ್ಲ್ಯಾಕ್‌ಪಿಂಕ್ ಗುಂಪಿನ ಲಿಸಾ ಥಾಯ್ಲೆಂಡಿನವರು. 2010ರಲ್ಲಿ ಆಡಿಷನ್‌ನಲ್ಲಿ ಆಯ್ಕೆಯಾದರು, ಮರುವರ್ಷ ಕೊರಿಯಾಕ್ಕೆ ಹೋದರು, ಡೆಬ್ಯೂ, ಅಂದರೆ ಗುಂಪಿನ ಜೊತೆ ಮೊದಲ ಸಲ ಜನರ ಮುಂದೆ ಬರುವುದು, ಆಗಿದ್ದು 2016ರಲ್ಲಿ. ಅಷ್ಟು ವರ್ಷ ಟ್ರೈನಿ (ಕಂಪನಿಯಲ್ಲಿ ತರಬೇತಿ ಪಡೆಯುವವರು) ಆಗಿದ್ದರೂ ಡೆಬ್ಯೂ ಆಗದೆ ಮನೆಗೆ ಬಂದವರು ಬಹಳ ಜನ.

ದುಡ್ಡಿನ ವಿಷಯ ಹುಷಾರು. ‘ಕೊರಿಯಾ ಕಂಪನಿಗೆ ನೇರ ಕಳಿಸುತ್ತೇವೆ’ ಎಂದು ಒಬ್ಬ ಏಜೆಂಟ್ ನನ್ನ ಹತ್ತಿರ 12 ಸಾವಿರ ತೆಗೆದುಕೊಂಡ, ಆಮೇಲೆ ಫೋನೇ ಎತ್ತಲಿಲ್ಲ. ಅಮ್ಮ ಚೀಟಿ ಹಾಕಿ ಕೂಡಿಟ್ಟ ದುಡ್ಡು ಅದು. ಎಸ್‌ಎಂ, ಜೆವೈಪಿ ಥರದ, ಐಡಲ್‌ಗಳನ್ನು ತಯಾರು ಮಾಡುವ ದೊಡ್ಡ ಕಂಪನಿಗಳು ಆಡಿಷನ್‌ಗೆ ಶುಲ್ಕ ಕೇಳುವುದಿಲ್ಲ. ತಮ್ಮ ವೆಬ್‌ಸೈಟಿನಲ್ಲೇ ವಿಡಿಯೊ ತೆಗೆದುಕೊಳ್ಳುತ್ತವೆ.

ಕೊರಿಯಾದ ಸೋಲ್‌ನಲ್ಲಿ ಎರಡು ವರ್ಷ ಓದಿದವನು

ಮೊದಲು ಭಾಷೆ ಕಲಿಸಿ. ನಮಗೆ ಇದರಲ್ಲಿ ಒಂದು ಅನುಕೂಲ ಇದೆ, ಯಾರೂ ಹೇಳುವುದಿಲ್ಲ. ಕೊರಿಯನ್‌ನಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ನಮ್ಮ ‘ಗೆ’, ‘ಇಂದ’, ‘ಅಲ್ಲಿ’ ಥರ ಪದದ ಹಿಂದೆ ಅಂಟುವ ಪ್ರತ್ಯಯಗಳೂ ಇವೆ. ಅಪ್ಪನಿಗೆ ಅಲ್ಲೂ ‘ಅಪ್ಪಾ’, ಅಮ್ಮನಿಗೆ ‘ಒಮ್ಮಾ’. ನಾನು ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ನಾಲ್ಕು ತಿಂಗಳು ಒದ್ದಾಡಿದೆ, ಕನ್ನಡದಲ್ಲಿ ವಾಕ್ಯ ಕಟ್ಟಿ ಪದ ಬದಲಿಸಲು ಶುರು ಮಾಡಿದ ಮೇಲೆ ಬಾಯಿಗೆ ಸಲೀಸಾಗಿ ಬಂತು. ಕಷ್ಟ ಇರುವುದು ಗೌರವದ ಮಾತಿನಲ್ಲಿ. ನೀವು ಅನ್ನಬೇಕಾದವರಿಗೆ ನೀನು ಅಂದರೆ ನಮಗೆ ಹೇಗಾಗುತ್ತದೆ, ಅಲ್ವಾ? ಅಲ್ಲಿ ಒಂದೇ ವರ್ಷ ದೊಡ್ಡವರಾದರೂ ಮಾತಿನ ಕೊನೆಯೇ ಬದಲಾಗುತ್ತದೆ, ಮತ್ತು ಟ್ರೈನಿಗಳ ನಡುವೆ ಸೀನಿಯರ್ ಜೂನಿಯರ್ ಲೆಕ್ಕ ತುಂಬಾ ಗಟ್ಟಿ.

ಒಪ್ಪಂದ ಬಂದರೆ ವಕೀಲರಿಗೆ ತೋರಿಸದೆ ಸಹಿ ಬೇಡ. 2009ರಲ್ಲಿ ಟಿವಿಎಕ್ಸ್‌ಕ್ಯೂ ಗುಂಪಿನ ಮೂವರು 13 ವರ್ಷದ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋದರು, ಅದೇ ವರ್ಷ ಅಲ್ಲಿನ ಫೇರ್ ಟ್ರೇಡ್ ಕಮಿಷನ್ (ವ್ಯಾಪಾರದಲ್ಲಿ ಅನ್ಯಾಯ ತಡೆಯುವ ಸರ್ಕಾರಿ ಸಂಸ್ಥೆ) 7 ವರ್ಷದ ಮಾದರಿ ಒಪ್ಪಂದ ತಂದಿತು. ತರಬೇತಿ ಖರ್ಚನ್ನು ಆಮೇಲಿನ ಸಂಪಾದನೆಯಲ್ಲಿ ಮುರಿದುಕೊಳ್ಳುವ ಕಂಪನಿಗಳಿವೆ, ಆ ಷರತ್ತನ್ನು ಎರಡು ಸಲ ಓದಿ.

ಮಂಗಳೂರಿನ ಅಭಿಮಾನಿ

ನಾನು ಬರೀ ಹಾಡು ಕೇಳುವವಳು, ಆದರೂ ಒಂದು ಮಾತು. ತಂಗಿ ಈಗ ಯಾರ ಅಭಿಮಾನಿಯೋ ಅವರನ್ನು ಹೇಗೆ ನೋಡುತ್ತಾಳೆ ಅನ್ನುವುದನ್ನೂ ಗಮನಿಸಿ, ನಾಳೆ ಅದೇ ಜಾಗದಲ್ಲಿ ನಿಲ್ಲುವವಳು ಅವಳು. ನಮ್ಮ ಅಭಿಮಾನಿಗಳ ಗುಂಪಿನಲ್ಲಿ ಒಮ್ಮೆ ಯಾರೋ ಒಬ್ಬ ಐಡಲ್‌ನ ವಿಮಾನದ ನಂಬರ್ ಹಾಕಿದರು, ನಾನೂ ಖುಷಿಯಿಂದ ನಾಲ್ಕು ಜನರಿಗೆ ಕಳಿಸಿದೆ. ಆಮೇಲೆ ಆ ಐಡಲ್ ಜನರ ಗುಂಪಿನ ನಡುವೆ ತಲೆ ತಗ್ಗಿಸಿ ಓಡುವ ವಿಡಿಯೊ ನೋಡಿ ಬೇಜಾರಾಯಿತು, ಅವತ್ತಿನಿಂದ ಬಿಟ್ಟೆ. ಹೀಗೆ ಹಿಂದೆ ಬೀಳುವವರನ್ನು ಅಲ್ಲಿ ‘ಸಾಸೆಂಗ್’ ಅನ್ನುತ್ತಾರೆ, 2021ರಿಂದ ಹಿಂಬಾಲಿಸಿ ಕಾಡುವುದಕ್ಕೇ ಪ್ರತ್ಯೇಕ ಕಾನೂನು ಇದೆ.

ಹೊರದೇಶದಿಂದ ಬಂದವರ ಮೇಲೆ ಜನರ ಕಣ್ಣು ಇನ್ನೂ ಜಾಸ್ತಿ. ಟ್ವೈಸ್ ಗುಂಪಿನ ತ್ಸುಯು ತೈವಾನಿನವರು. ಒಂದು ಕಾರ್ಯಕ್ರಮದಲ್ಲಿ ತೈವಾನ್ ಬಾವುಟ ಹಿಡಿದಿದ್ದಕ್ಕೆ ಚೀನಾದವರು ಸಿಟ್ಟಾದರು, 2016ರಲ್ಲಿ ಅವರು ಕ್ಯಾಮೆರಾ ಮುಂದೆ ಕ್ಷಮೆ ಕೇಳಬೇಕಾಯಿತು. ಆಗ ಅವರಿಗೆ 16. ನಿಮ್ಮ ತಂಗಿಗಿಂತ ಒಂದೇ ವರ್ಷ ದೊಡ್ಡವರು.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ತ್ಸುಯು ಕಥೆ ಕೇಳಿ ಸುಮ್ಮನೆ ಕೂತರು. ಆಮೇಲೆ, ಎಸ್‌ಎಸ್‌ಎಲ್‌ಸಿ ಮುಗಿಯಲಿ, ಅಲ್ಲಿವರೆಗೆ ಆನ್‌ಲೈನ್‌ನಲ್ಲಿ ಕೊರಿಯನ್ ಕಲಿಯಲಿ ಅಂದರು. ಸಂಜೆ ಏಳರ ಮೇಲೆ ಕಲಿಸುವವರು ಯಾರಾದರೂ ಗೊತ್ತಾ?