ಕ್ಲಬ್ ಜೊತೆ ಹೊರಗೆ ಹೋದಾಗ ಆಕಾಶ ಬೆಳ್ಳಗಾಗುತ್ತದೆ, ಚಿತ್ರ ಶಾರ್ಪ್ ಬರುವುದಿಲ್ಲ: ಏನು ಅಭ್ಯಾಸ ಮಾಡಿಸಬೇಕು?

ಹೊಂಬಿಸಿಲು:

ನಮ್ಮ ಕ್ಯಾಮೆರಾ ಕ್ಲಬ್ಬಿನಲ್ಲಿ 18 ಜನ ಇದ್ದೇವೆ. ತಿಂಗಳಿಗೊಮ್ಮೆ ನಸುಕಿನಲ್ಲಿ ಕೆರೆ ದಂಡೆ, ಗುಡ್ಡ, ಕಾಡಂಚಿನ ಕಡೆ ಮೂರು ಗಂಟೆ ಚಿತ್ರ ತೆಗೆಯಲು ಹೋಗುತ್ತೇವೆ. ಮುಂದಿನ ವಾರ ಎಲ್ಲರೂ ಕೂತು ತೆಗೆದದ್ದನ್ನು ದೊಡ್ಡ ಪರದೆಯ ಮೇಲೆ ನೋಡುತ್ತೇವೆ. ಉತ್ಸಾಹಕ್ಕೆ ಕೊರತೆ ಇಲ್ಲ, ಆದರೆ ಪ್ರತಿ ಸಲವೂ ಇವೇ ಮೂರು ತೊಂದರೆ. ಅರ್ಧಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಟ್ರೈಪಾಡ್ ಮೇಲಿಟ್ಟು ತೆಗೆದ ಲ್ಯಾಂಡ್‌ಸ್ಕೇಪ್ ಕೂಡ ಹಿಗ್ಗಿಸಿ ನೋಡಿದರೆ ಮೆತ್ತಗಿರುತ್ತದೆ. ಇನ್ನೊಂದು, 18 ಜನರ ಚಿತ್ರಗಳೂ ಒಬ್ಬರೇ ತೆಗೆದ ಹಾಗಿರುತ್ತವೆ: ಅದೇ ಮರ, ಅದೇ ಎತ್ತರ, ಅದೇ ಕೋನ.

ಕೆಲವರ ಹತ್ತಿರ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಕೆಲವರ ಹತ್ತಿರ ಕನ್ನಡಿ ಇಲ್ಲದ ಮಿರರ್‌ಲೆಸ್ ಇದೆ, ಮೂವರು ಫೋನಿನಲ್ಲೇ ತೆಗೆಯುತ್ತಾರೆ. ಈ ಮೂರು ಗಂಟೆಯನ್ನು ಹೇಗೆ ಬಳಸಿಕೊಂಡರೆ ಇದು ಸುಧಾರಿಸುತ್ತದೆ? "ಬೆಳಕನ್ನು ಗಮನಿಸಿ" ಎನ್ನುವಂಥ ಮಾತು ಸಾಕಷ್ಟು ಕೇಳಿದ್ದೇವೆ. ಕೈಗೆ ಸಿಗುವಂಥ ಸಲಹೆ ಬೇಕು.

ಮುಕ್ಕಾಲಿ:

ಮೆತ್ತಗಿನ ಚಿತ್ರದ ವಿಷಯ ನಾನು ತೆಗೆದುಕೊಳ್ಳುತ್ತೇನೆ. ಮೊದಲು ಮಾಡಬೇಕಾದ್ದು ಹೊರಗಲ್ಲ, ಪರದೆಯ ಮುಂದೆ. ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ, ಪಕ್ಕದಲ್ಲೇ ಶಟರ್ ಸ್ಪೀಡ್ (ಬೆಳಕಿಗೆ ತೆರೆದಿರುವ ಹೊತ್ತು) ಮತ್ತು ಅಪರ್ಚರ್ (ಲೆನ್ಸಿನ ತೂತಿನ ಅಗಲ) ವಿವರ ಇಟ್ಟುಕೊಂಡು ನೋಡಿ. ಮಸುಕು ಒಂದೇ ರೋಗವಲ್ಲ, ನಾಲ್ಕೈದು ಬಗೆ ಇದೆ, ಒಂದೊಂದಕ್ಕೂ ಬೇರೆ ಮದ್ದು.

ನೀರಿನ ಮೇಲಿನ ಮಿನುಗು, ದೂರದ ದೀಪ, ಇಂಥ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ. ಬಂಡೆ ಚೊಕ್ಕವಾಗಿದ್ದು ಎಲೆ ಮಾತ್ರ ಕಲಸಿದ್ದರೆ ಗಾಳಿಗೆ ಶಟರ್ ನಿಧಾನವಾಯಿತು ಎಂದರ್ಥ. ಬೇಕಾದ ಕಡೆ ಮಸುಕು, ಅದಕ್ಕಿಂತ ಹಿಂದೆಯೋ ಮುಂದೆಯೋ ಇನ್ನೊಂದು ಕಡೆ ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ದಿಕ್ಕಿಲ್ಲದೆ ಇಡೀ ಚಿತ್ರ ಸಮನಾಗಿ ಮೆತ್ತಗಿದ್ದರೆ ಅಪರ್ಚರ್ ನೋಡಿ, ಬಹುತೇಕ ಎಫ್/22 ಇರುತ್ತದೆ (ಈ ಅಂಕಿ ಹೆಚ್ಚಿದಷ್ಟೂ ತೂತು ಕಿರಿದು). ಅಷ್ಟು ಕಿರಿದಾದ ತೂತಿನಲ್ಲಿ ಬೆಳಕು ಅಂಚಿಗೆ ಬಾಗಿ ಹರಡುತ್ತದೆ, ಎಷ್ಟು ಒಳ್ಳೆಯ ಲೆನ್ಸ್ ಆದರೂ ತಪ್ಪಿಸಲಾಗದು. ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರ್‌ನಲ್ಲಿ (ಬೆಳಕು ಹಿಡಿಯುವ ಫಲಕ) ಎಫ್/8ರಿಂದ ಎಫ್/11, ಸಣ್ಣ ಎಪಿಎಸ್-ಸಿ ಸೆನ್ಸರ್‌ನಲ್ಲಿ ಎಫ್/5.6ರಿಂದ ಎಫ್/8 ಒಳಗೇ ಇರಿ. ಹತ್ತಿರದ್ದು ಚೆನ್ನಾಗಿದ್ದು ದೂರದ ಗುಡ್ಡ ಮಾತ್ರ ಅಲೆಅಲೆಯಾಗಿದ್ದರೆ ಅದು ನೆಲ ಕಾದು ಏಳುವ ಬಿಸಿಗಾಳಿ. ಉದ್ದ ಲೆನ್ಸಿನಲ್ಲಿ ಹೆಚ್ಚು ಕಾಣುತ್ತದೆ. ಅದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ, ಬಿಸಿಲೇರುವ ಮುಂಚೆ ತೆಗೆಯಬೇಕು ಅಥವಾ ಹತ್ತಿರ ಹೋಗಬೇಕು.

ಟ್ರೈಪಾಡ್ ಮೇಲಿದ್ದೂ ಅಲುಗುವುದಕ್ಕೆ ಕಾರಣಗಳು: ನಡುವಿನ ಕಂಬವನ್ನು ಮೇಲೆತ್ತಿರುವುದು, ಕೆಳಗಿನ ತೆಳು ಕಾಲುಗಳನ್ನು ಮೊದಲು ಎಳೆದಿರುವುದು (ದಪ್ಪ ಕಾಲು ಮೊದಲು, ತೆಳುವಾದದ್ದು ಬೇಕಾದರೆ ಮಾತ್ರ), ಕತ್ತಿನ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುವುದು, ಬೆರಳಿನಿಂದಲೇ ಶಟರ್ ಒತ್ತುವುದು. ಪಟ್ಟಿ ಬಿಚ್ಚಿಡಿ, 2 ಸೆಕೆಂಡಿನ ಟೈಮರ್ ಹಾಕಿ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಏಳುವ ಪೆಟ್ಟು 1/30ರಿಂದ ಅರ್ಧ ಸೆಕೆಂಡಿನವರೆಗಿನ ಶಟರ್‌ನಲ್ಲಿ ಎದ್ದು ಕಾಣುತ್ತದೆ, ಹಾಗಾಗಿ ಕನ್ನಡಿ ಮೊದಲೇ ಎದ್ದಿರುವ ಲೈವ್ ವ್ಯೂನಲ್ಲೇ (ಹಿಂಬದಿ ಪರದೆ ನೋಡಿಕೊಂಡು) ತೆಗೆಯಿರಿ. ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಆರಿಸಿಡಿ. ಹೊಸ ಲೆನ್ಸುಗಳು ತಾವೇ ಗುರುತಿಸಿ ಸುಮ್ಮನಾಗುತ್ತವೆ, ಹಳೆಯವು ಇಲ್ಲದ ಅಲುಗಾಟವನ್ನು ಹುಡುಕುತ್ತ ತಾವೇ ಅಲುಗುತ್ತವೆ. ಭಾರಕ್ಕೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗುವಂತಿರಲಿ, ತೂಗಾಡುವ ಚೀಲ ಇಲ್ಲದಿರುವುದೇ ವಾಸಿ. ಮರದ ಹಲಗೆಯ ಸೇತುವೆ ಮೇಲೆ ಒಬ್ಬರು ತೆಗೆಯುವಾಗ ಉಳಿದವರು ನಡೆದಾಡಬಾರದು. ಗುಂಪಿನಲ್ಲಿ ಹೋದಾಗ ಇದೇ ದೊಡ್ಡ ಕಾರಣ, ಯಾರೂ ಗಮನಿಸುವುದಿಲ್ಲ.

ಫೋಕಸ್‌ಗೆ ಎರಡು ಲೆಕ್ಕ ಬಾಯಿಪಾಠ ಮಾಡಿಸಿ. ಫುಲ್ ಫ್ರೇಮ್, 24 ಎಂಎಂ ಲೆನ್ಸ್, ಎಫ್/11 ಇದ್ದಾಗ ಸುಮಾರು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ 0.9 ಮೀಟರಿನಿಂದ ದಿಗಂತದವರೆಗೆ ಹಿಡಿತದಲ್ಲಿರುತ್ತದೆ. ಎಪಿಎಸ್-ಸಿ, 16 ಎಂಎಂ, ಎಫ್/8ರಲ್ಲಿ 1.6 ಮೀಟರಿಗೆ ಫೋಕಸ್, 0.8 ಮೀಟರಿನಿಂದ ಮುಂದೆ ಎಲ್ಲ ಸಿಗುತ್ತದೆ.

ಬೆಳಕುಗಿಂಡಿ:

ಮುಕ್ಕಾಲಿಯವರ ಲೆಕ್ಕ ಸರಿಯೇ, ಆದರೆ ಒಂದು ಮಾತು ಸೇರಿಸಬೇಕು. ಆ ಅಂಕಿಗಳು ಸಾಧಾರಣ ಗಾತ್ರದ ಪ್ರಿಂಟ್ ನೋಡುವವರಿಗಾಗಿ ಹುಟ್ಟಿದವು. ಈಗಿನ ಹೆಚ್ಚು ಪಿಕ್ಸೆಲ್ ಸೆನ್ಸರಿನ ಚಿತ್ರವನ್ನು ಪರದೆಯಲ್ಲಿ ಪೂರ್ತಿ ಹಿಗ್ಗಿಸಿದರೆ ದೂರದ ಗುಡ್ಡ ಸ್ವಲ್ಪ ಮೆತ್ತಗೇ ಕಾಣುತ್ತದೆ. ಮುಂದೆ ಬಂಡೆಯೋ ಹುಲ್ಲೋ ಮುಖ್ಯವಾಗಿದ್ದರೆ ಒಂದು ಫ್ರೇಮ್ ಅದಕ್ಕೆ, ಇನ್ನೊಂದು ಗುಡ್ಡಕ್ಕೆ ಫೋಕಸ್ ಮಾಡಿ ಆಮೇಲೆ ಜೋಡಿಸುವುದನ್ನೇ ನಾನು ಹೇಳುವುದು. ಮುಂದೆ ಏನೂ ಇಲ್ಲದಿದ್ದರೆ ನೇರ ಗುಡ್ಡಕ್ಕೇ ಫೋಕಸ್ ಮಾಡಿ.

ಈಗ ಬಿಳಿ ಆಕಾಶ. ಕ್ಯಾಮೆರಾದ ಮೀಟರಿಗೆ ಎದುರಿಗಿರುವುದು ನೆಲವೋ ಆಕಾಶವೋ ತಿಳಿಯದು, ಚೌಕಟ್ಟಿನಲ್ಲಿರುವುದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಮುಕ್ಕಾಲು ಪಾಲು ಕಪ್ಪು ನೆಲ, ಕಾಲು ಪಾಲು ಬೆಳಗುವ ಆಕಾಶ ಇದ್ದರೆ ನೆಲವನ್ನು ಬೆಳಗಿಸಲು ಹೋಗಿ ಆಕಾಶ ಉರಿದುಹೋಗುತ್ತದೆ. ಹಾಗೆ ತುಂಬಿ ಹೋದ ಜಾಗದಲ್ಲಿ ಆಮೇಲೆ ಎಳೆಯಲು ಏನೂ ಉಳಿದಿರುವುದಿಲ್ಲ. ಕತ್ತಲಾದ ನೆಲವನ್ನಾದರೆ ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸಿದ ಫೈಲು) ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಮೇಲೆತ್ತಬಹುದು, ಸ್ವಲ್ಪ ಕಾಳುಕಾಳು ಬರುತ್ತದೆ ಅಷ್ಟೆ. ಆದ್ದರಿಂದ ಆಕಾಶವನ್ನು ಉಳಿಸಿಕೊಂಡು ನೆಲವನ್ನು ಬಿಟ್ಟುಕೊಡಿ, ಉಲ್ಟಾ ಬೇಡ.

ಅಭ್ಯಾಸ ಹೀಗಿರಲಿ. ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನಾವು, ಶಟರ್ ಕ್ಯಾಮೆರಾ ಆರಿಸುವುದು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಕ್ಸ್‌ಪೋಶರ್ ಕಾಂಪೆನ್ಸೇಶನ್ -1, ಅಂದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕತ್ತಲೆ. ಒಂದು ತೆಗೆದು ಹಿಸ್ಟೋಗ್ರಾಮ್ ನೋಡಿ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ). ಗುಡ್ಡದಾಕಾರ ಬಲಗೋಡೆಗೆ ಒರಗಿ ಕಡಿದಂತಿದ್ದರೆ ಇನ್ನೂ ಇಳಿಸಿ, ಗೋಡೆಯಿಂದ ದೂರವೇ ನಿಂತಿದ್ದರೆ ಸ್ವಲ್ಪ ಏರಿಸಿ. ಕ್ಯಾಮೆರಾದ ಹಿಂಬದಿ ಪರದೆಯ ಹೊಳಪನ್ನು ನಂಬಬೇಡಿ, ಕತ್ತಲಲ್ಲಿ ಕತ್ತಲೆ ಚಿತ್ರವೂ ಬೆಳಗಿದಂತೆಯೇ ಕಾಣುತ್ತದೆ. ಸೂರ್ಯೋದಯದಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ. ಕೆಂಪು ಮೊದಲು ತುಂಬಿ ಹೋಗುತ್ತದೆ, ಒಟ್ಟು ಹಿಸ್ಟೋಗ್ರಾಮ್‌ನಲ್ಲಿ ಅದು ಕಾಣುವುದಿಲ್ಲ. ಆಮೇಲೆ "ಕಿತ್ತಳೆ ಬಣ್ಣ ಯಾಕೆ ಹಳದಿ ತೇಪೆಯಾಯಿತು" ಎಂದು ಕೇಳುವುದು ಇದರಿಂದಲೇ. ಆ ಹಿಸ್ಟೋಗ್ರಾಮ್ ಜೆಪೆಗ್ (ಕ್ಯಾಮೆರಾ ತಾನೇ ಸಂಸ್ಕರಿಸಿದ ಚಿತ್ರ) ಲೆಕ್ಕದ್ದು, ಹಾಗಾಗಿ ರಾ ತೆಗೆಯುವವರಿಗೆ ಅದು ತೋರಿಸುವುದಕ್ಕಿಂತ ತುಸು ಹೆಚ್ಚು ಅವಕಾಶ ಇರುತ್ತದೆ.

ಅಂತರ ತೀರಾ ಹೆಚ್ಚಿದ್ದರೆ -2, 0, +2 ಸ್ಟಾಪ್ ಎಂದು ಮೂರು ಫ್ರೇಮ್ ತೆಗೆದು ಜೋಡಿಸಿ. ಆಗ ಅಪರ್ಚರ್, ಐಎಸ್‌ಒ, ಫೋಕಸ್ ಮೂರೂ ಬದಲಾಗದೆ ಶಟರ್ ಮಾತ್ರ ಬದಲಾಗಬೇಕು. ಫೋನಿನವರು ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಬೆರಳನ್ನು ಕೆಳಕ್ಕೆ ಜಾರಿಸಿದರೆ ಸಾಕು.

ಬಹಳ ಮಂದಿ ಮರೆಯುವುದು: ಸೂರ್ಯ ಹುಟ್ಟುವಾಗ ಬೆನ್ನು ತಿರುಗಿಸಿ ನೋಡುವುದು. ಎದುರು ದಿಕ್ಕಿನಲ್ಲಿ ಆಕಾಶಕ್ಕೂ ನೆಲಕ್ಕೂ ಅಷ್ಟು ಅಂತರ ಇರುವುದಿಲ್ಲ, ಒಂದೇ ಫ್ರೇಮಿನಲ್ಲಿ ಎರಡೂ ಬರುತ್ತವೆ. ಪೋಲರೈಸರ್ (ಹೊಳಪು ತಗ್ಗಿಸಿ ಆಕಾಶ ಗಾಢವಾಗಿಸುವ ಫಿಲ್ಟರ್) ಹೆಚ್ಚು ಕೆಲಸ ಮಾಡುವುದು ಸೂರ್ಯನಿಗೆ 90 ಡಿಗ್ರಿಯಲ್ಲಿ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ ಹೆಬ್ಬೆರಳನ್ನು ನೆಟ್ಟಗೆ ಮಾಡಿ ಮಣಿಕಟ್ಟು ತಿರುಗಿಸಿದರೆ ಹೆಬ್ಬೆರಳು ತೋರುವ ದಿಕ್ಕುಗಳೆಲ್ಲ ಅವೇ. ತೀರಾ ಅಗಲದ ಲೆನ್ಸಿಗೆ ಅದನ್ನು ಹಾಕಿದರೆ ಆಕಾಶದ ನಡುವೆ ಕಡುನೀಲಿ ಪಟ್ಟಿ ಬೀಳುತ್ತದೆ, ತೆಗೆದಿಡಿ.

ಮೋಡ ಮುಚ್ಚಿ ಆಕಾಶವೇ ಬೆಳ್ಳಗಿರುವ ದಿನ ಯಾವ ಎಕ್ಸ್‌ಪೋಶರ್ ಕೂಡ ಬಣ್ಣ ತರದು. ಆ ದಿನ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ತೊರೆ, ಬೇರು, ಒದ್ದೆ ಎಲೆಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ, ಪೋಲರೈಸರ್ ತಿರುಗಿಸಿ ಎಲೆಯ ಮೇಲಿನ ಹೊಳಪು ಕಳೆದರೆ ಹಸಿರು ತುಂಬಿಕೊಳ್ಳುತ್ತದೆ.

ಚೌಕಟ್ಟು:

ಮೇಲಿನ ಎರಡೂ ಉತ್ತರ ಒಳ್ಳೆಯವು, ಆದರೆ ಎಲ್ಲವನ್ನೂ ಒಂದೇ ಬೆಳಿಗ್ಗೆ ಹೇಳಿದರೆ ಯಾವುದೂ ಉಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ. ಈ ತಿಂಗಳು ಆಕಾಶ, ಮುಂದಿನ ತಿಂಗಳು ಶಾರ್ಪ್, ಆಮೇಲೆ ನೋಟ. ವಿಮರ್ಶೆಯ ದಿನವೂ ಆ ತಿಂಗಳ ಕೆಲಸದ ಬಗ್ಗೆಯೇ ಮಾತು.

18 ಜನ ಒಟ್ಟಿಗೆ ನಿಂತರೆ ಚಿತ್ರ ಒಂದೇ ಥರ ಬರದೆ ಇನ್ನೇನು? ನಾಲ್ಕೈದು ಜನರ ನಾಲ್ಕು ತಂಡ ಮಾಡಿ, ಪ್ರತಿ ತಂಡದಲ್ಲೂ ಅನುಭವಿ ಒಬ್ಬರಿರಲಿ, ನಾಲ್ಕು ಜಾಗ ಗುರುತಿಸಿ 25 ನಿಮಿಷಕ್ಕೊಮ್ಮೆ ಬದಲಾಯಿಸಿ. ಮುಂಚಿನ ದಿನ ಇಬ್ಬರು ಅದೇ ಹೊತ್ತಿಗೆ ಹೋಗಿ ಸೂರ್ಯ ಎಲ್ಲಿ ಏಳುತ್ತಾನೆ, ಎಲ್ಲಿ ಜಾರುತ್ತದೆ, ಎಲ್ಲಿ ಟ್ರೈಪಾಡ್ ಊರಲು ಜಾಗ ಇದೆ ಎಂದು ನೋಡಿ ಬರಬೇಕು. ಸೂರ್ಯೋದಯಕ್ಕೆ 45 ನಿಮಿಷ ಮೊದಲೇ ಎಲ್ಲರೂ ಜಾಗದಲ್ಲಿರಲಿ. ನೀರಂಚಿಗೆ ಒಬ್ಬರೇ ಹೋಗುವುದು ಬೇಡ. ಗೂಡು ಕಂಡರೆ ಅಲ್ಲಿಂದ ಹಿಂದೆ ಸರಿಯಬೇಕು. ಕೊಂಬೆ ಸರಿಸುವುದು, ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಕರೆಯುವುದು ನಿಷಿದ್ಧ. ಬೆದರಿದ ತಾಯಿಹಕ್ಕಿ ಗೂಡು ಬಿಟ್ಟಷ್ಟು ಹೊತ್ತೂ ಮೊಟ್ಟೆ ತಣ್ಣಗಾಗುತ್ತಿರುತ್ತದೆ.

ನೋಟ ಬೇರೆಯಾಗಲು ಮಾಡಿಸುವ ಅಭ್ಯಾಸ: ಜಾಗ ತಲುಪಿದ ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ, ಸುಮ್ಮನೆ ಸುತ್ತಾಡಿ. ಜೂಮ್ ಲೆನ್ಸನ್ನು 35 ಎಂಎಂಗೋ 50ಕ್ಕೋ ತಿರುಗಿಸಿ, ಗುರುತು ಉಳಿಸದ ಕಾಗದದ ಟೇಪ್ ಸುತ್ತಿ ಬಿಡಿ. ಇಡೀ ಬೆಳಿಗ್ಗೆಗೆ 24 ಫ್ರೇಮ್, ಅಳಿಸುವಂತಿಲ್ಲ. ಒಂದೇ ಮರವನ್ನು ಎಂಟು ಬಗೆಯಲ್ಲಿ ತೆಗೆಯಬೇಕು: ನೆಲಮಟ್ಟದಿಂದ, ಬೆಳಕಿಗೆ ಎದುರಾಗಿ, ತೊಗಟೆ ಮಾತ್ರ, ನೆರಳು ಮಾತ್ರ, ಹೀಗೆ. ಮೊದಲ ಮೂರು ಎಲ್ಲರಿಗೂ ಹೊಳೆಯುವಂಥವೇ ಬರುತ್ತವೆ. ಐದನೆಯದರಿಂದ ಬೇರೆ ಬೇರೆಯಾಗತೊಡಗುತ್ತವೆ, ಹಾಗಾಗಿ ನಾಲ್ಕಕ್ಕೆ ನಿಲ್ಲಿಸಲು ಬಿಡಬೇಡಿ.

ಹೊರಡುವ ಮುಂಚೆ ಎಲ್ಲರ ಕ್ಯಾಮೆರಾ ಗಡಿಯಾರವನ್ನು ಫೋನಿಗೆ ಹೊಂದಿಸಿ. 6 ಗಂಟೆ 20 ನಿಮಿಷಕ್ಕೆ ನಾಲ್ಕು ತಂಡ ಏನು ಕಂಡವು ಎಂದು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಬೇಕಾಗುತ್ತದೆ.

ವಿಮರ್ಶೆಗೆ ತಲಾ ಎರಡೇ ಚಿತ್ರ, ಅದರಲ್ಲಿ ಒಂದು ಕೆಟ್ಟದ್ದು, ತೆಗೆದ ವಿವರಗಳ ಸಮೇತ. 36 ಚಿತ್ರಕ್ಕೆ ಮೂರು ಮೂರು ನಿಮಿಷ ಎಂದರೂ 108 ನಿಮಿಷ. ತಲಾ ಮೂರು ಮಾಡಿದರೆ 162 ನಿಮಿಷವಾಗುತ್ತದೆ, ಕೊನೆಯವರ ಚಿತ್ರ ನೋಡಲು ಯಾರಿಗೂ ಕಣ್ಣಿರುವುದಿಲ್ಲ. ಹೆಸರು ತೋರಿಸಬೇಡಿ. ತೆಗೆದವರು ಕೊನೆಗೆ ಮಾತನಾಡಲಿ. ಮೊದಲ ಪ್ರಶ್ನೆ "ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಎಂದಿರಲಿ. ಫೈಲುಗಳು ಎಸ್‌ಆರ್‌ಜಿಬಿಯಲ್ಲಿರಲಿ (ಸಾಮಾನ್ಯ ಪರದೆಗಳ ಬಣ್ಣದ ಮಾನಕ), ಇಲ್ಲವಾದರೆ ಪರದೆಯಲ್ಲಿ ಬಣ್ಣ ಸತ್ತಂತೆ ಕಂಡು ತೆಗೆದವರ ಮೇಲೆ ತಪ್ಪು ಬೀಳುತ್ತದೆ.

ಹೊಂಬಿಸಿಲು:

ಎಲ್ಲರಿಗೂ ಧನ್ಯವಾದ. ಈ ಸಲ ಆಕಾಶವನ್ನೇ ಹಿಡಿಯುತ್ತೇವೆ. ಇನ್ನೆರಡು ಪ್ರಶ್ನೆ. ಮೂರ್ನಾಲ್ಕು ಜನ 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ತಂದಿದ್ದಾರೆ, ತೊರೆಯ ನೀರು ಹತ್ತಿ ಉಂಡೆಯ ಹಾಗೆ ಬರುತ್ತದೆ, ಫೋಕಸ್ಸೂ ಸಿಗುವುದಿಲ್ಲ. ಮತ್ತೆ ನಸುಕಿನಲ್ಲಿ ಲೆನ್ಸ್ ಮಂಜು ಹಿಡಿಯುತ್ತದೆ, ಒರೆಸಿದರೂ ಮತ್ತೆ ಬರುತ್ತದೆ.

ಮುಕ್ಕಾಲಿ:

10 ಸ್ಟಾಪ್ ಎಂದರೆ 1024 ಪಟ್ಟು. ಫಿಲ್ಟರ್ ಇಲ್ಲದೆ 1/30 ಇದ್ದದ್ದು 34 ಸೆಕೆಂಡ್ ಆಗುತ್ತದೆ. ಅಷ್ಟು ಹೊತ್ತಿನಲ್ಲಿ ಹರಿಯುವ ನೀರಿನ ಎಳೆಗಳೆಲ್ಲ ಅಳಿಸಿಹೋಗುತ್ತವೆ. ತೊರೆಗೆ ಬೇಕಾದ್ದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್, ನೆರಳಿದ್ದರೆ 3 ಸ್ಟಾಪ್, ಬೆಳಕಿದ್ದರೆ 6 ಸ್ಟಾಪ್ ಸಾಕು. 6 ಸ್ಟಾಪ್ 64 ಪಟ್ಟು, 1/60 ಇದ್ದದ್ದು ಒಂದು ಸೆಕೆಂಡಿಗೆ ಬರುತ್ತದೆ. 10 ಸ್ಟಾಪ್ ಅನ್ನು ಮೋಡ ಎಳೆಯಲು, ಕೆರೆಯ ನೀರು ಗಾಜಿನಂತಾಗಿಸಲು ಇಟ್ಟುಕೊಳ್ಳಿ.

ಫೋಕಸ್ ಸಿಗದಿರುವುದು ಫಿಲ್ಟರ್ ಹಾಕಿದ ಮೇಲೆ ಹುಡುಕುವುದರಿಂದ. ಚೌಕಟ್ಟು ಕೂರಿಸಿ, ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುಯಲ್‌ಗೆ ತಿರುಗಿಸಿ, ಎಕ್ಸ್‌ಪೋಶರ್ ಓದಿಕೊಂಡು, ಆಮೇಲೆ ಫಿಲ್ಟರ್ ಹಾಕಿ. ತಿರುಪಿನ ಫಿಲ್ಟರ್ ಸುತ್ತುವಾಗ ಫೋಕಸ್ ರಿಂಗ್ ಜೊತೆಗೆ ತಿರುಗದಂತೆ ಬ್ಯಾರೆಲ್ ಹಿಡಿದುಕೊಳ್ಳಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಮುಚ್ಚಿ, ಅಲ್ಲಿಂದಲೂ ಬೆಳಕು ನುಗ್ಗಿ ಚಿತ್ರದ ಮೇಲೆ ಪೊರೆ ಬರುತ್ತದೆ. ಫಿಲ್ಟರ್ ಮೇಲೆ ಬರೆದ ಅಂಕಿ ಅರ್ಧ ಸ್ಟಾಪ್ ಹೆಚ್ಚುಕಡಿಮೆ ಇರಬಹುದು. ಮನೆಯಲ್ಲೇ ಒಂದೇ ಬೆಳಕಿನ ಗೋಡೆಯನ್ನು ಫಿಲ್ಟರ್ ಹಾಕಿ, ಹಾಕದೆ ತೆಗೆದು ನಿಜವಾದ ಅಂಕಿಯನ್ನು ಡಬ್ಬಿಯ ಮೇಲೆ ಬರೆದಿಡಿ.

ಮಂಜು ಹಿಡಿಯುವುದು ಗಾಜು ಸುತ್ತಲಿನ ತೇವಗಾಳಿಗಿಂತ ತಣ್ಣಗಿರುವುದರಿಂದ. ಎಸಿ ಕಾರಿನಿಂದ ತೆಗೆದ ಕೂಡಲೇ ಹೀಗಾಗುತ್ತದೆ. ಜಾಗ ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ, ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಬೆಚ್ಚಗಾಗಲು ಬಿಡಿ. ಒರೆಸಿದರೆ ನೀರು ಹೋಗುತ್ತದೆ, ಗಾಜಿನ ತಣುಪು ಹೋಗುವುದಿಲ್ಲ, ಅದಕ್ಕೇ ಮತ್ತೆ ಬರುವುದು. ತೆರೆದ ಬಯಲಿನಲ್ಲಿ ಗಂಟೆಗಟ್ಟಲೆ ಆಕಾಶಕ್ಕೆ ಮುಖ ಮಾಡಿದ ಲೆನ್ಸ್ ಗಾಳಿಗಿಂತಲೂ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಹುಡ್ (ಲೆನ್ಸಿನ ಮುಂದಿನ ಮರೆ) ಹಾಕಿದರೆ ತಡವಾಗುತ್ತದೆ, ಕೈ ಬೆಚ್ಚಗಿಡುವ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಿಂದ ಲೆನ್ಸಿನ ಮುಂಭಾಗಕ್ಕೆ ಕಟ್ಟಿದರೆ ಹಿಡಿಯುವುದೇ ಇಲ್ಲ. ಮಂಜಿದ್ದಾಗ ಲೆನ್ಸ್ ಬದಲಿಸಬೇಡಿ, ತೇವ ಸೆನ್ಸರ್ ಮೇಲೆ ಕೂರುತ್ತದೆ. ಮನೆಗೆ ಬಂದಮೇಲೆ ಒದ್ದೆ ಚೀಲದಿಂದ ಎಲ್ಲವನ್ನೂ ಹೊರಗೆ ತೆಗೆದು ಒಣಗಿಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಶೇ. 40ರಿಂದ 50ರ ತೇವಾಂಶದಲ್ಲಿಡಿ. ಡಬ್ಬಿಯೊಳಗೆ ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದಿದ್ದರೆ ಜೆಲ್ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಎಂದು ಗೊತ್ತಾಗುತ್ತದೆ.