ಒಣದ್ರಾಕ್ಷಿ ಶೆಡ್ಡಿನ ಸೆನ್ಸರ್ 85 ತೋರಸ್ತದ, ಎಲ್‌ಇಡಿ ಆರಂಗಿಲ್ಲ

ಪ್ರಶ್ನೆ (ತಿಕೋಟಾ, ವಿಜಯಪುರ):
ರಾಸ್ಪ್‌ಬೆರಿ ಪೈ 4 ಅನ್ನೂ ಸಣ್ಣ ಕಂಪ್ಯೂಟರ್ ಬೋರ್ಡಿಗೆ 12 ಮೀಟರ್ ವೈರಿನ ತುದಿಗೆ ಡಿಎಸ್18ಬಿ20 ಉಷ್ಣತೆ ಸೆನ್ಸರ್ ಅದ. 1 ಮೀಟರ್ ವೈರಿನಾಗ ಸರಿ ಇತ್ತು, ಈಗ ನಡುನಡುವ 85 ಡಿಗ್ರಿ ಬರ್ತದ. ಕೆಂಪು ಎಲ್‌ಇಡಿ 17ನೇ ಪಿನ್ನಿಗೆ ಅದ, ಕೋಡಿನಾಗ ಆಫ್ ಮಾಡಿದ್ರೂ ಆರಂಗಿಲ್ಲ. ಏನ್ ನೋಡ್ಬೇಕ್ರಿ?

ಉತ್ತರ (ಬಾಗಲಕೋಟೆ):
85 ಖರೇ ಉಷ್ಣತೆ ಅಲ್ರಿ. ಕರೆಂಟ್ ಬಂದ ಕೂಡ್ಲೆ ಸೆನ್ಸರಿನ ಮೆಮೊರಿಯಾಗ ಇರೂ ಅಂಕಿ ಅದು. 12 ಬಿಟ್ (ಅತಿ ಸೂಕ್ಷ್ಮ) ಅಳತಿಗೆ 750 ಮಿಲಿಸೆಕೆಂಡ್ ಬೇಕು. ಅಷ್ಟರಾಗ ವೋಲ್ಟೇಜ್ ಕುಸಿದು ಸೆನ್ಸರ್ ರೀಸೆಟ್ ಆದ್ರ ಇದೇ ಬರತೈತಿ. ಡೇಟಾ, ಗ್ರೌಂಡ್ ಅಂತ ಎರಡೇ ವೈರಿನ ಮ್ಯಾಲೆ ನಡಸಾಕತ್ತಿದ್ರ ಪವರಿಗೆ ಮೂರನೇದು ಎಳದು 3.3 ವೋಲ್ಟ್ ಕೊಡ್ರಿ. ಸೆನ್ಸರ್ ತುದಿಯಾಗ ಪವರ್‌ಗೂ ಗ್ರೌಂಡಿಗೂ ನಡುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕ್ರಿ. ಪುಲ್-ಅಪ್ (ಡೇಟಾ ವೈರಿಗೂ ಪವರಿಗೂ ನಡುವಿನ ರೆಸಿಸ್ಟರ್) 4.7 ಕಿಲೋಓಮ್ ಇದ್ರ 2.2ಕ್ಕ ಇಳಸ್ರಿ. ಆ ಪುಲ್-ಅಪ್ ಮಾತ್ರ 5 ವೋಲ್ಟಿಗೆ ಕಟ್ಟಬ್ಯಾಡ್ರಿ, ಪೈ ಪಿನ್ 3.3ಕ್ಕಿಂತ ಹೆಚ್ಚು ತಡಿಯೂದಿಲ್ಲ.

ಉತ್ತರ (ಬೆಳಗಾವಿ):
ಎಲ್‌ಇಡಿದು ಎಣಿಕಿ ತಪ್ಪು. ಬೋರ್ಡಿನ ಮ್ಯಾಲೆ ಎಣಿಸಿದ 17ನೇ ಪಿನ್ ಅಂದ್ರ ನೇರ 3.3 ವೋಲ್ಟ್, ಕೋಡಿನ ಮಾತು ಕೇಳೂದಿಲ್ಲ. ಕೋಡಿನಾಗ 17 ಅಂತ ಕರಿಯೂ ಜಿಪಿಐಓ 17 (ಕೋಡಿನಿಂದ ಆನ್-ಆಫ್ ಮಾಡೂ ಪಿನ್) ಇರೋದು ಬೋರ್ಡಿನ 11ನೇ ಪಿನ್ನಿನಾಗ. ಟರ್ಮಿನಲ್‌ನಾಗ ‘pinout’ ಅಂತ ಹೊಡೀರಿ, ನಕ್ಷೆ ಬರತೈತಿ. 330 ಓಮ್ ರೆಸಿಸ್ಟರ್ ಐತೇನ್ರಿ? ಕೆಂಪು ಎಲ್‌ಇಡಿಗೆ ಸುಮಾರು 4 ಮಿಲಿಆಂಪ್ ಹೋಗತೈತಿ, ಅಷ್ಟ ಸಾಕು.

ಪ್ರಶ್ನೆ ಕೇಳಿದವರು:
ರೆಸಿಸ್ಟರ್ ಅದ್ರಿ. 11ಕ್ಕ ಹಾಕಿದ ಮ್ಯಾಲೆ ಎಲ್‌ಇಡಿ ಆರ್ತದ. ಸೆನ್ಸರಿಗೆ ಎರಡೇ ವೈರ್ ಅದ, ಮೂರನೇದು ಎಳೀತೀನ್ರಿ.